ವಾರ ಹಚ್ಚಿದ ಸಭೆ

ನಮ್ಮ ಕ್ರೈಸ್ತ ಸಭೆಯಲ್ಲಿ ಕೂಸಿಗೆ ದೀಕ್ಷಾಸ್ನಾನವಾದ ಮೇಲೆ ಅದನ್ನು ನೇರವಾಗಿ ತಾಯಿಯ ಕೈಗೆ ಕೊಡುವುದಿಲ್ಲ. ಸಭಾಪಾಲಕರು ಮುಂದಿನ ಸಾಲಿನಲ್ಲಿ ಕೂತವರ ಕೈಗೆ ಕೊಡುತ್ತಾರೆ. ಅವರು ಪಕ್ಕದವರಿಗೆ ಕೊಡುತ್ತಾರೆ, ಪಕ್ಕದವರು ಹಿಂದಿನವರಿಗೆ. ಹೆಂಗಸರ ಕಡೆ ಮುಗಿದ ಮೇಲೆ ಗಂಡಸರ ಕಡೆ. ಹೀಗೆ ಎಲ್ಲರ ತೋಳು ದಾಟಿ ಕೂಸು ಕೊನೆಗೆ ಬಾಗಿಲ ಬಳಿ ನಿಂತ ತಾಯಿಯನ್ನು ಸೇರುತ್ತದೆ. ಬೇರೆ ಊರಿನ ಸಭೆಗಳಲ್ಲಿ ಇದನ್ನು ನಾನು ಕಂಡಿಲ್ಲ. ಯಾರು ಶುರು ಮಾಡಿದರು ಎಂದು ಕೇಳಿದರೆ ಹಿರಿಯರೂ ಹೇಳಲಾರರು. ರಬಕವಿ-ಬನಹಟ್ಟಿಯ ನಮ್ಮ ಸಭೆ ಚಿಕ್ಕದು, ಜಮಖಾನೆ ಹಾಸಿ ಕೂತರೆ ಹಿಂದೆ ಇನ್ನೂ ಜಾಗ ಉಳಿಯುತ್ತದೆ. ದೊಡ್ಡ ಸಭೆಯಲ್ಲಾದರೆ ಕೂಸು ಬಾಗಿಲು ಮುಟ್ಟುವಷ್ಟರಲ್ಲಿ ಅತ್ತು ಅತ್ತು ಸೊರಗೀತು.

ಕೂಸು ಕೈಯಿಂದ ಕೈಗೆ ಹೋಗುವ ಮೊದಲು ಸಭಾಪಾಲಕರು ನಮ್ಮೆಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಾರೆ. ಈ ಮಗುವನ್ನು ದೇವರ ಪ್ರೀತಿಯಲ್ಲಿ ಬೆಳೆಸಲು ತಂದೆತಾಯಿಗೆ ನೆರವಾಗುತ್ತೀರಾ ಎಂಬುದು ಅದರ ಅರ್ಥ. ನಾವು ಎದ್ದು ನಿಂತು ಹೌದು ಎನ್ನುತ್ತೇವೆ. ಆಮೇಲೆ ಕೂರುತ್ತೇವೆ. ನಾನು ಬುದ್ಧಿ ಬಂದಾಗಿನಿಂದ ಎಷ್ಟೋ ಸಲ ಎದ್ದು ನಿಂತು ಹೌದು ಎಂದಿದ್ದೇನೆ. ಆ ಮಾತು ಒಮ್ಮೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿತು. ಅದನ್ನು ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಬೋರ್ಡಿಂಗಿನಲ್ಲಿ ಬೆಳೆದವಳು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಪ್ರಾರ್ಥನೆ, ಗಂಟೆ ಹೊಡೆದರೆ ಕಸ ಗುಡಿಸುವುದು. ಮುಂದೆ ಸರಕಾರಿ ಶಾಲೆಯಲ್ಲಿ ನಾನೇ ಗಂಟೆ ಹೊಡೆಸುವವಳಾದೆ. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಸಭೆಯ ರವಿವಾರದ ಶಾಲೆ, ಸುಗ್ಗಿ ಹಬ್ಬದ ವ್ಯವಸ್ಥೆ, ಹೂದಾನಿ ತೊಳೆಯುವ ಸರದಿ ಎಲ್ಲ ನನ್ನ ಪಾಲಿಗೆ ಬಂದವು. ಊರಲ್ಲಿ ಎಲ್ಲರೂ ನನ್ನನ್ನು ಅಕ್ಕೋರು ಎನ್ನುತ್ತಿದ್ದರು, ಈಗಲೂ ಅನ್ನುತ್ತಾರೆ.

ನಮ್ಮ ಸಭೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಬೀಳಗಿ ಕಡೆಯವಳು. ಅವರ ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಇಲ್ಲಿಗೆ ಬಂದರು. ಗಂಡ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಇಲ್ಲಿಯೇ ಒಂದು ಹೆಣ್ಣುಕೂಸು ಹುಟ್ಟಿತು. ಅದರ ದೀಕ್ಷಾಸ್ನಾನದ ದಿನ ಕೂಸು ನನ್ನ ಕೈಗೆ ಬಂದಾಗ ನನ್ನ ಕನ್ನಡಕ ಹಿಡಿದು ಎಳೆಯಿತು. ಕೂಸನ್ನು ಪಕ್ಕದವರಿಗೆ ಕೊಟ್ಟರೂ ಕನ್ನಡಕ ಬಿಡಲಿಲ್ಲ. ಸಭೆ ನಕ್ಕಿತು, ನಾನು ನಗಲಿಲ್ಲ. ಆ ಕೂಸು ಶಾಲೆಗೆ ಹೋಗುವಷ್ಟಾದಾಗ ತಂದೆ ಜ್ವರದಲ್ಲಿ ತೀರಿಕೊಂಡ. ತಾಯಿ ಓಣಿಯ ನೇಕಾರರ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸಕ್ಕೆ ಕೂತಳು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ಸಣ್ಣ ಕೊಳವೆ. ರಾಟಿ ತಿರುಗಿಸಿ ಅದಕ್ಕೆ ನೂಲು ಸುತ್ತಬೇಕು. ದಿನವಿಡೀ ಸುತ್ತಿದರೂ ಕೈಗೆ ಬರುವುದು ಅಷ್ಟಕ್ಕಷ್ಟೆ.

ಆಕೆ ಹತ್ತನೆಯ ತರಗತಿ ಪಾಸಾದವಳು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ದಾದಿಯರ ತರಬೇತಿಗೆ ಅರ್ಜಿ ಹಾಕಲು ಸಭಾಪಾಲಕರೇ ಹೇಳಿದ್ದರು. ಜಾಗ ಸಿಕ್ಕಿತು. ಎರಡು ವರ್ಷ, ಊಟ ವಸತಿ ಅಲ್ಲಿಯದೇ. ಆದರೆ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಮಗಳಿಗೆ ಆಗ ಎಂಟು ವರ್ಷ. ತವರಲ್ಲಿ ಯಾರೂ ಉಳಿದಿರಲಿಲ್ಲ. ಗಂಡನ ಅಣ್ಣ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ವರ್ಷದ ಅರ್ಧ ಊರಲ್ಲೇ ಇರುತ್ತಿರಲಿಲ್ಲ. ರವಿವಾರ ಆರಾಧನೆ ಮುಗಿದ ಮೇಲೆ ಆಕೆ ಸಭಾಪಾಲಕರ ಹತ್ತಿರ ಬಂದು, ತಾನು ಹೋಗುವುದಿಲ್ಲವೆಂದೂ ಆಸ್ಪತ್ರೆಯವರಿಗೆ ಹಾಗೆ ತಿಳಿಸಬೇಕೆಂದೂ ಹೇಳಿದಳು. ಅಳಲಿಲ್ಲ. ಸಂತೆಗೆ ಹೋಗುವುದಿಲ್ಲ ಎನ್ನುವಷ್ಟು ಸರಳವಾಗಿ ಹೇಳಿದಳು.

ಸಭಾಪಾಲಕರು ಜಮಖಾನೆ ಮಡಿಸುತ್ತಿದ್ದವರನ್ನು ನಿಲ್ಲಿಸಿ ಎಲ್ಲರನ್ನೂ ಮತ್ತೆ ಕೂರಿಸಿದರು. ಹುಡುಗಿಯನ್ನು ಯಾರು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದಾಗ ಯಾರೂ ಮುಂದೆ ಬರಲಿಲ್ಲ. ಇಟ್ಟುಕೊಳ್ಳಬಾರದು ಎಂದಲ್ಲ. ಒಬ್ಬರ ಮನೆಯಲ್ಲಿ ಒಂದೇ ಕೋಣೆ, ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಎರಡು ವರ್ಷ ಎಂದರೆ ಎಲ್ಲರಿಗೂ ಉದ್ದವೇ. ಕೊನೆಗೆ ನಮ್ಮಲ್ಲಿ ವಯಸ್ಸಾದ ಒಬ್ಬ ನಿವೃತ್ತ ಕಾರಕೂನರು ಗಂಟಲು ಸರಿಮಾಡಿಕೊಂಡರು. ಅವರು ಹುಡುಗರಾಗಿದ್ದಾಗ ಜಮಖಂಡಿಯಲ್ಲಿ ವಾರದ ಊಟ ಮಾಡಿ ಓದಿದವರು. ಹಳ್ಳಿಯಿಂದ ಬಂದ ಬಡ ಹುಡುಗರು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಶಾಲೆ ಕಲಿಯುತ್ತಿದ್ದ ಕಾಲ ಅದು. ಅದಕ್ಕೆ ವಾರ ಹಚ್ಚುವುದು ಎನ್ನುತ್ತಿದ್ದರು.

"ಈ ಕೂಸಿಗೆ ನೀರು ಹಾಕಿದ ದಿನಾ ಎದ್ದು ನಿಂತು ಹೌದು ಅಂದವರು ನಾವ ಅಲ್ಲೇನ್ರಿ?" ಅಂದರು. "ಒಬ್ಬರಿಗೆ ಭಾರ ಆಗೋದು ಏಳು ಮಂದಿಗೆ ಆಗಂಗಿಲ್ಲ. ವಾರ ಹಚ್ಚೋಣು."

ನನಗೆ ಆ ಮಾತು ಬಹಳ ಹಿಡಿಸಿತು. ಏಳು ದಿನ, ಏಳು ಮನೆ, ಸಮಪಾಲು. ಅಲ್ಲಿಯೇ ವಾರ ಹಂಚಿ ಮುಗಿಸಿದೆ. ಸೋಮವಾರ ಕಾರಕೂನರ ಮನೆ, ಬುಧವಾರ ನನ್ನ ಮನೆ, ರವಿವಾರ ಸಭಾಪಾಲಕರ ಮನೆ, ಉಳಿದ ದಿನಗಳಿಗೆ ಉಳಿದವರು. ಹುಡುಗಿ ಶಾಲೆ ಬಿಟ್ಟ ಮೇಲೆ ಆ ದಿನದ ಮನೆಗೆ ಹೋಗುವುದು, ಅಲ್ಲಿಯೇ ಉಂಡು ಮಲಗುವುದು, ಮರುದಿನ ಅಲ್ಲಿಂದ ಶಾಲೆಗೆ. ಬಟ್ಟೆಯ ಚೀಲ ಅವಳ ಜೊತೆ ತಿರುಗಬೇಕು. ತಂದೆಯಿಲ್ಲದ ಮಗು, ದೇವರು ನಮ್ಮ ಕೈಗೆ ಒಪ್ಪಿಸಿದ ಮಗು, ಆದ್ದರಿಂದ ಯಾರೂ ಕೆಲಸ ಹೇಳಬಾರದು, ಯಾರೂ ಬೈಯಬಾರದು ಎಂದು ಸಭೆಯೇ ಒಪ್ಪಿತು. ತಾಯಿ ಮೂಗು ಒರೆಸಿಕೊಂಡು ಎಲ್ಲರಿಗೂ ಕೈಮುಗಿದಳು. ಮುಂದಿನ ವಾರವೇ ಹೊರಟಳು.

ವಾರ ಗಡಿಯಾರದಂತೆ ನಡೆಯಿತು. ಒಂದು ದಿನವೂ ತಪ್ಪಲಿಲ್ಲ. ಜಮಖಂಡಿಯ ಸಭೆಯವರು ಒಮ್ಮೆ ಬಂದವರು ಇದನ್ನು ಕೇಳಿ ತಲೆದೂಗಿದರು. ನಮಗೂ ಒಳಗೊಳಗೇ ಹೆಮ್ಮೆ. ಹೆಮ್ಮೆ ಅಡುಗೆಮನೆಗೂ ಇಳಿಯಿತು. ಸೋಮವಾರ ಶೇಂಗಾ ಹೋಳಿಗೆ ಮಾಡಿದರು ಎಂದು ಗೊತ್ತಾದರೆ ಮಂಗಳವಾರದವರು ಕೋಳಿ ತಂದರು. ಗುರುವಾರದವರು ಗೋದಿ ಹುಗ್ಗಿಗೆ ತುಪ್ಪ ಸುರಿದರು. ನಾನು ಅಡುಗೆಯಲ್ಲಿ ಅಷ್ಟಕ್ಕಷ್ಟೆ, ಆದರೂ ಬುಧವಾರ ಮಾದಲಿಯ ಸಿಹಿಗೆ ಗೋದಿ ಹುರಿಯುತ್ತಾ ನಿಂತಿದ್ದು ನೆನಪಿದೆ. ಹುಡುಗಿ ಎಲ್ಲ ಕಡೆಯೂ ಹಾಕಿದ್ದಷ್ಟನ್ನೂ ಉಂಡು, ಬಹಳ ಛಲೋ ಆಗೇತ್ರಿ ಎಂದು ಹೇಳಿ, ತಾಟು ತೆಗೆದುಕೊಂಡು ಏಳುವಳು. ತೊಳೆಯಲು ಯಾರೂ ಬಿಡುತ್ತಿರಲಿಲ್ಲ.

ಹೊಟ್ಟೆ ಕೆಟ್ಟಿತು. ನಾನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿ, ಏನೇನು ಉಂಡಿ ಎಂದು ಕೇಳಿದರು. ಅವಳು ರವಿವಾರದಿಂದ ಹಿಡಿದು ಕ್ರಮವಾಗಿ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿದರು.

"ಈಕಿಗೆ ಏನೂ ಆಗಿಲ್ರಿ ಅಕ್ಕೋರ. ದಿನಾ ಮದವಿ ಊಟ ಉಂಡ್ರ ಯಾರ ಹೊಟ್ಟಿನೂ ತಡಿಯಂಗಿಲ್ಲ."

ಅಂದಿನಿಂದ ಎಲ್ಲ ಮನೆಗೂ ರೊಟ್ಟಿ, ಪಲ್ಲೆ, ಅನ್ನ, ಸಾರು, ಇಷ್ಟೇ ಎಂದು ಹೇಳಿಬಂದೆ. ಹೊಟ್ಟೆ ಸರಿಹೋಯಿತು. ಇನ್ನೇನೂ ತೊಂದರೆಯಿಲ್ಲ ಎಂದುಕೊಂಡೆವು. ಹುಡುಗಿ ಶಿಸ್ತಿನವಳು, ಗದ್ದಲವಿಲ್ಲ. ರವಿವಾರದ ಶಾಲೆಯಲ್ಲಿ ಬೇರೆ ಮಕ್ಕಳು ಒಬ್ಬರ ಜಡೆ ಒಬ್ಬರು ಎಳೆಯುತ್ತಿದ್ದರೆ ಇವಳು ಕೈಕಟ್ಟಿ ಕೂತಿರುವಳು. ನನ್ನ ಮನೆಯಲ್ಲಿ ನಾನು ಏಳುವ ಮೊದಲೇ ಎದ್ದು ಹಾಸಿಗೆ ಮಡಿಸಿ ಚೀಲದ ಪಕ್ಕ ಕೂತಿರುತ್ತಿದ್ದಳು. ಬೋರ್ಡಿಂಗಿನಲ್ಲಿ ಬೆಳೆದ ನನಗೆ ಅದಕ್ಕಿಂತ ಸಂತೋಷ ಬೇರೆ ಏನಿದ್ದೀತು? ಒಂದು ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಆರಾಧನೆಗೆ ಬಂದವಳು ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುವಳು. ಯಾರಾದರೂ ಕೈಸನ್ನೆ ಮಾಡಿ ಕರೆದರೆ ಬಂದು ಕೂರುವಳು, ಇಲ್ಲವಾದರೆ ನಿಂತೇ ಇರುವಳು.

ಕೆಲವು ತಿಂಗಳಾದ ಮೇಲೆ ಗುರುವಾರದ ಮನೆಯವರಿಗೆ ಮುಧೋಳಕ್ಕೆ ವರ್ಗವಾಯಿತು. ಗುರುವಾರ ಖಾಲಿ. ಆ ದಿನವನ್ನೂ ನಾನೇ ಇಟ್ಟುಕೊಳ್ಳಬಹುದಿತ್ತು, ಆದರೆ ಸಮಪಾಲು ಕೆಡುತ್ತದೆ ಎಂದು ಮನಸ್ಸು ಒಪ್ಪಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ನೇಕಾರರ ಓಣಿಯ ಮುದುಕಿ ನನ್ನ ಬಾಗಿಲಿಗೆ ಬಂದಳು. ಹುಡುಗಿಯ ತಾಯಿ ಕಂಡಿಕೆ ಸುತ್ತುತ್ತಿದ್ದದ್ದು ಇವಳ ಮನೆಯಲ್ಲೇ. ಅವರು ನಮ್ಮ ಸಭೆಯವರಲ್ಲ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ.

"ಗುರುವಾರ ನನಗ ಕೊಡ್ರಿ," ಅಂದಳು. "ಆ ಕೂಸು ನಮ್ಮ ರಾಟಿ ಬುಡಕ ಮಲಗಿ ದೊಡ್ಡದಾಗೇತಿ. ನನ್ನ ಬಿಟ್ಟು ಊರಿಗೆಲ್ಲಾ ವಾರ ಹಚ್ಚೀರಿ."

ನಾನು ಸಭಾಪಾಲಕರನ್ನು ಕೇಳಿ ಹೇಳುತ್ತೇನೆ ಎಂದೆ. ಇದು ದೀಕ್ಷಾಸ್ನಾನದಲ್ಲಿ ಕೊಟ್ಟ ಮಾತಿನ ಮೇಲೆ ನಡೆದ ವ್ಯವಸ್ಥೆ, ಆಕೆ ಆ ಮಾತು ಕೊಟ್ಟವಳಲ್ಲ ಎಂಬುದು ನನ್ನ ತಕರಾರು. ಸಭಾಪಾಲಕರು ಕೇಳಿ ನಕ್ಕರು. "ನಾವು ಹೌದು ಅಂದು ಮಾಡಾಕತ್ತೇವಿ, ಆಕಿ ಹೌದು ಅನ್ನದನ ಮಾಡ್ತೇನಿ ಅಂತಾಳ. ಬ್ಯಾಡ ಅನ್ನಾಕ ನಾವ್ಯಾರ್ರಿ ಅಕ್ಕೋರ?" ಅಂದರು. ಗುರುವಾರ ಮುದುಕಿಗೆ ಹೋಯಿತು.

ಅದೇ ವಾರ ತಾಯಿ ಬಂದಳು. ತರಬೇತಿಯಲ್ಲಿ ಮೊದಲ ರಜೆ. ಬುಧವಾರವಾದ್ದರಿಂದ ನೇರವಾಗಿ ನನ್ನ ಮನೆಗೇ ಬಂದಳು. ಹುಡುಗಿ ಶಾಲೆಯಿಂದ ಬಂದು ತಾಯಿಯನ್ನು ಕಂಡು ನಿಂತಳು. ತಾಯಿ ತಬ್ಬಿಕೊಂಡಳು, ಇವಳೂ ತಬ್ಬಿಕೊಂಡಳು. ತಾಯಿ ನಾನು ಹಾಸಿದ ಚಾಪೆಯ ಮೇಲೆ ಕೂತು, ಚೀಲ ಬಿಚ್ಚಿ, ತಂದ ಫ್ರಾಕು ತೆಗೆಯುತ್ತಿದ್ದಳು. ಹುಡುಗಿ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು:

"ಅವ್ವಾ, ನಾ ಒಂಚೂರು ನೀರು ಕುಡೀಲೇನ್ರಿ?"

ತಾಯಿಯ ಕೈ ಚೀಲದಲ್ಲೇ ನಿಂತಿತು. ನನ್ನ ಮುಖ ನೋಡಿದಳು. ಕುಡಿ ಎಂದು ನಾನೇ ಹೇಳಿದೆ. ಹುಡುಗಿ ಹೋಗಿ, ಕೊಡದಿಂದ ಅರ್ಧ ಲೋಟ ತುಂಬಿಕೊಂಡು, ಕುಡಿದು, ಲೋಟ ಒರೆಸಿ ಬೋರಲು ಹಾಕಿದಳು. ನಾನು ಅದನ್ನು ಪ್ರತಿ ಬುಧವಾರ ನೋಡುತ್ತಿದ್ದೆ. ತಾಯಿ ನೋಡುವಾಗ ನೋಡಿದ್ದು ಅದೇ ಮೊದಲು.

ಮಗಳು ಮಲಗಿದ ಮೇಲೆ ಆಕೆ ನನಗೆ ಹೇಳಿದಳು: ಶುಕ್ರವಾರ ಬೆಳಗಿನ ಬಸ್ಸಿಗೆ ಇವಳನ್ನು ಕರೆದುಕೊಂಡು ಹೋಗಿ, ಹಾಸ್ಟೆಲಿನಿಂದ ನನ್ನ ಟ್ರಂಕು ತಂದು, ಮತ್ತೆ ಇಲ್ಲಿಯೇ ಕಂಡಿಕೆಗೆ ಕೂರುತ್ತೇನೆ. ಅರ್ಧ ಕಲಿತದ್ದನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದೆ. ಅದು ಆಕೆಗೂ ಗೊತ್ತಿತ್ತು.

"ನೀವು ಏನೂ ಕಡಿಮಿ ಮಾಡಿಲ್ರಿ ಅಕ್ಕೋರ," ಅಂದಳು. "ನನ್ನ ಮಗಳು ಊರ ತುಂಬಾ ಬೀಗರ ಮನಿಗೆ ಬಂದಾಕಿ ಆಗ್ಯಾಳ. ನನ್ನ ಮುಂದೂ ಹಂಗ ಕುಂತಾಳ. ಎರಡು ವರ್ಷ ಹೀಂಗ ಕುಂತ್ರ ಆಮ್ಯಾಲ ಯಾರ ಮನಿಯಾಕಿ ಆಗ್ತಾಳ?"

ಬೆಳಿಗ್ಗೆ ಸಭಾಪಾಲಕರಿಗೆ ಹೋಗಿ ಹೇಳಿದೆ.

ಗುರುವಾರ ಸಂಜೆ ಮುದುಕಿಯ ಮನೆಯ ಮೊದಲ ವಾರ. ಕೊನೆಯ ವಾರವೂ ಅದೇ ಎಂದು ನಮಗಷ್ಟೇ ಗೊತ್ತಿತ್ತು. ತಾಯಿ ತನ್ನ ಹಳೆಯ ಕೆಲಸದ ಮನೆಗೆ ಹೋಗಿ ಹೇಳಿ ಬರಬೇಕು ಎಂದಳು. ನಾನೂ ಜೊತೆಗೆ ಹೋದೆ. ಹುಡುಗಿ ಶಾಲೆಯಿಂದ ನೇರವಾಗಿ ಅಲ್ಲಿಗೇ ಹೋಗಿದ್ದಳು. ನಾವು ಓಣಿಗೆ ತಿರುಗುವಾಗಲೇ ಮಗ್ಗಗಳ ಸದ್ದಿನ ಮೇಲೆ ಮುದುಕಿಯ ದನಿ ಕೇಳಿಸಿತು.

ಆದದ್ದು ಇಷ್ಟು. ಮುದುಕಿಯ ಮೊಮ್ಮಗನೂ ಇವಳೂ ಒಂದೇ ವಯಸ್ಸಿನವರು. ಇಬ್ಬರೂ ಸೇರಿ ರಾಟಿ ತಿರುಗಿಸಿದ್ದಾರೆ. ನೂಲಿನ ಸುರುಳಿ, ಅಂದರೆ ಲಡಿ, ಜಾರಿ ಕೆಳಗೆ ಬಿದ್ದು, ಅವರು ತಿರುಗಿಸಿದಷ್ಟೂ ಸಿಕ್ಕಾಗಿದೆ. ಕೆಂಪು ನೂಲು, ಮರುದಿನ ಸೀರೆಯ ಅಂಚಿಗೆ ಬೇಕಾದದ್ದು. ನಾವು ಹೊಸ್ತಿಲಿಗೆ ಬರುವಾಗ ಹುಡುಗಿಯ ಮಡಿಲಲ್ಲಿ ಆ ಗಂಟು, ಮುದುಕಿ ಎದುರಿಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಕಣ್ಣು ಎಲ್ಲಿ ಇಟ್ಟಿದ್ದಿ ಬೇ? ನಿಮ್ಮವ್ವ ಇದ ರಾಟಿ ಮುಂದ ಕುಂತು ಒಂದು ಎಳಿ ಕೆಡಿಸಿದಾಕಿ ಅಲ್ಲ. ನೀ ಬಂದು ಒಂದ ತಾಸಿನಾಗ ಇಡೀ ಲಡಿ ಗುಬ್ಬಿ ಗೂಡು ಮಾಡಿದಿ. ಬಿಡಸು. ಬಿಡಿಸೋ ತನಕಾ ಎದ್ದಿ ಅಂದ್ರ ನೋಡು."

ಬೈಯಬಾರದು ಎಂಬ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಆ ಸಭೆಯಲ್ಲಿ ಆಕೆ ಇರಲೂ ಇಲ್ಲ. ನಾನು ಒಳಗೆ ಕಾಲಿಡಲು ಹೋದೆ. ತಾಯಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

ಹುಡುಗಿಯ ಮುಖ ಕೆಂಪಾಗಿತ್ತು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನಾ ಒಬ್ಬಾಕೀನ ಮಾಡೇನೇನ ಆಯಿ? ಇವನೂ ತಿರುವ್ಯಾನ. ಇವನ ಮದಲ ತಿರುವ್ಯಾನ. ಇವಂಗ್ಯಾಕ ಬೈಯಂಗಿಲ್ಲ?"

"ಸುಳ್ಳ ಹೇಳತಾಳ," ಅಂದ ಮೊಮ್ಮಗ.

"ನೀ ಸುಳ್ಳ, ನಿಮ್ಮ ರಾಟಿನೂ ಸುಳ್ಳ."

"ಇಬ್ಬರೂ ಕುಂಡ್ರಿ," ಅಂದಳು ಮುದುಕಿ. "ಆ ತುದಿ ಅವ ಹಿಡೀಲಿ, ಈ ತುದಿ ನೀ ಹಿಡಿ. ಮಾರಿ ಊದಿಸಿಕೊಂಡ್ರ ಎಳಿ ಬಿಡಂಗಿಲ್ಲ."

ಇಬ್ಬರೂ ಕೂತರು. ಎಳೆ ಬಿಡಿಸುತ್ತಲೇ ಜಗಳ. ಅವನು ಜೋರಾಗಿ ಎಳೆದ ಎಂದು ಇವಳು ಅವನ ಕೈಗೆ ಬಡಿದಳು. ಬಾಯಾರಿತೋ ಏನೋ, ನಡುವೆ ಎದ್ದು, ಯಾರನ್ನೂ ಕೇಳದೆ, ಮೂಲೆಯ ಕೊಡದಿಂದ ಚೊಂಬಿನಲ್ಲಿ ನೀರು ತೆಗೆದು, ಎತ್ತಿ ಗಟಗಟ ಕುಡಿದು, ಲಂಗದಿಂದ ಬಾಯಿ ಒರೆಸಿಕೊಂಡು ಬಂದು ಮತ್ತೆ ಕೂತಳು. ಚೊಂಬನ್ನು ನೆಲದ ಮೇಲೆ ಹಾಗೇ ಬಿಟ್ಟಿದ್ದಳು. ಅದಕ್ಕೂ ಮುದುಕಿ ಒಂದು ಮಾತು ಬೈದಳು.

ನನ್ನ ಪಕ್ಕದಲ್ಲಿ ತಾಯಿ ಹೊರಗಿನ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಗುತ್ತಿದ್ದಳು.

ಊಟದ ಹೊತ್ತಿಗೂ ಲಡಿ ಪೂರ್ತಿ ಬಿಡಿಸಿರಲಿಲ್ಲ. ತಾಯಿ ಮಗಳನ್ನು ಕರೆದು, ನಾಳೆ ನನ್ನ ಜೊತೆ ಬಸ್ಸಿಗೆ ಬರುತ್ತೀಯಾ ಎಂದು ಕೇಳಿದಳು. ಹುಡುಗಿ ಯೋಚಿಸಿದಳು. ಇನ್ನೂ ಅರ್ಧ ಉಳಿದಿದೆ, ಬಿಟ್ಟು ಹೋದರೆ ಇವನು ತಾನೊಬ್ಬನೇ ಬಿಡಿಸಿದೆ ಎಂದು ಊರಿಗೆಲ್ಲ ಹೇಳುತ್ತಾನೆ ಎಂದಳು. ತಾಯಿ ಮತ್ತೆ ಕೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಒಬ್ಬಳೇ ತರಬೇತಿಗೆ ಮರಳಲು ಬಸ್ಸು ಹತ್ತಿದಳು. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು: "ನೀವೂ ಒಂಚೂರು ಬೈರಿ ಅಕ್ಕೋರ."

ಆ ರವಿವಾರ ಸಭಾಪಾಲಕರು ಮಕ್ಕಳ ಬಗ್ಗೆಯೇ ಪ್ರಸಂಗ ಮಾಡಿದರು. ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸುತ್ತಿದ್ದಾಗ ಕರ್ತನು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿದ ಕಥೆ. ನಾನು ಅದನ್ನು ರವಿವಾರದ ಶಾಲೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಮಗುವಿನಂತೆ ದೀನರಾಗಬೇಕು ಎಂಬಲ್ಲಿಗೆ ನನ್ನ ಪಾಠ ಮುಗಿಯುತ್ತಿತ್ತು. ಸಭಾಪಾಲಕರು ಅಂದು ನಿಂತದ್ದು ನಡುವೆ ಎಂಬಲ್ಲಿ. ಕರ್ತನು ಮಗುವನ್ನು ಪೀಠದ ಮೇಲೆ ಕೂರಿಸಲಿಲ್ಲ, ಬಾಗಿಲಲ್ಲೂ ನಿಲ್ಲಿಸಲಿಲ್ಲ, ದೊಡ್ಡವರ ಕಾಲು ಕೈ ತಾಗುವಲ್ಲಿ ನಿಲ್ಲಿಸಿದ. ನಾವು ಈ ಮಗುವಿಗೆ ತಟ್ಟೆ ಕೊಟ್ಟೆವು, ಹಾಸಿಗೆ ಕೊಟ್ಟೆವು, ನಡುವೆ ಜಾಗ ಕೊಟ್ಟವಳು ಗುರುವಾರದವಳು ಎಂದರು. ಕಾರಕೂನರು ತಲೆದೂಗಿದರು. ವಾರದ ಊಟ ಮಾಡುತ್ತಿದ್ದ ಕಾಲದಲ್ಲಿ ತನಗೆ ಹೆಚ್ಚು ನೆನಪಿರುವ ಮನೆ ದನಕ್ಕೆ ನೀರು ಕುಡಿಸಲು ಹಚ್ಚಿದ ಮನೆ ಎಂದು ಆಮೇಲೆ ಹೊರಗೆ ಬಂದು ಹೇಳಿದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಯಾರೂ ಕೇಳಲಿಲ್ಲ ಎಂದರು.

ವಾರ ಹಾಗೇ ಮುಂದುವರಿಯಿತು, ನಿಯಮ ಮಾತ್ರ ಹೋಯಿತು. ಸೋಮವಾರ ಅವಳು ಕಾರಕೂನರಿಗೆ ವರ್ತಮಾನ ಪತ್ರಿಕೆ ಓದಿ ಹೇಳಬೇಕು, ತಪ್ಪು ಓದಿದರೆ ಅವರು ಕೋಲು ಕುಟ್ಟುವರು. ರವಿವಾರ ಸಭಾಪಾಲಕರ ಹೆಂಡತಿಯ ಜೊತೆ ಜಮಖಾನೆ ಜಾಡಿಸಬೇಕು. ಅಂದಿನಿಂದ ಆ ಜಮಖಾನೆಯ ಮೇಲೆ ಯಾರು ಎಲ್ಲಿ ಕೂರಬೇಕು ಎಂದು ಅವಳೇ ಹೇಳತೊಡಗಿದಳು. ಬುಧವಾರ ನನ್ನಲ್ಲಿ ಅಂಗಳ ಗುಡಿಸಬೇಕು. ಮೂಲೆಯಲ್ಲಿ ಕಸ ಬಿಟ್ಟರೆ ನಾನು ಸುಮ್ಮನಿರುತ್ತಿರಲಿಲ್ಲ, ಅದರಲ್ಲಿ ನನಗೆ ಅಭ್ಯಾಸವಿತ್ತು. ಅವಳೂ ಸುಮ್ಮನಿರುತ್ತಿರಲಿಲ್ಲ. ತಿಂಗಳಿಗೊಮ್ಮೆ ಫೋನ್ ಬೂತಿಗೆ ಕರೆದುಕೊಂಡು ಹೋದರೆ ತಾಯಿಗೆ ಏಳೂ ಮನೆಯ ಮೇಲೆ ದೂರು ಹೇಳುವಳು. ನಾನು ಪಕ್ಕದಲ್ಲೇ ನಿಂತಿದ್ದರೂ ನನ್ನ ದೂರನ್ನೂ ಬಿಡುತ್ತಿರಲಿಲ್ಲ. ಆ ಕಡೆಯಿಂದ ತಾಯಿ ನಗುವುದು ನನಗೂ ಕೇಳಿಸುತ್ತಿತ್ತು.

ತಾಯಿ ತರಬೇತಿ ಮುಗಿಸಿದಳು. ಲೋಕಾಪುರದ ಕಡೆ ಕೆಲಸ ಸಿಕ್ಕಿ ಮಗಳನ್ನು ಕರೆದುಕೊಂಡು ಹೋದಳು. ಹೋಗುವ ದಿನ ಮುದುಕಿ ಬಸ್ ನಿಲ್ದಾಣಕ್ಕೆ ಬಂದು, ರೊಟ್ಟಿಯ ಗಂಟು ಕೊಟ್ಟು, ಹುಡುಗಿಯ ಜಡೆ ಸಡಿಲವಾಗಿದೆ ಎಂದು ಅಲ್ಲಿಯೇ ನಿಲ್ಲಿಸಿ ಬಿಚ್ಚಿ ಹೆಣೆದಳು. ಬಸ್ಸಿನವನು ಹಾರ್ನ್ ಹೊಡೆದರೂ ಮುಗಿಯುವ ತನಕ ಬಿಡಲಿಲ್ಲ. ಆ ಮುದುಕಿ ಈಗಿಲ್ಲ. ಆಕೆಯ ಮಣ್ಣಿಗೆ ನಮ್ಮ ಸಭೆಯ ಬಹಳ ಮಂದಿ ಹೋಗಿದ್ದೆವು.

ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಸುಗ್ಗಿ ಹಬ್ಬಕ್ಕೆ ತಪ್ಪದೆ ಬರುತ್ತಾಳೆ, ಬರುವ ಸುದ್ದಿ ಮಾತ್ರ ಮೊದಲೇ ತಿಳಿಸುವುದಿಲ್ಲ. ಕಳೆದ ಸಲ ನಾನು ಹಜಾರದಲ್ಲಿ ಕಾಳು ಆರಿಸುತ್ತಾ ಕೂತಿದ್ದೆ. ಬಾಗಿಲು ನೂಕಿಕೊಂಡು ಬಂದವಳು, ಚೀಲ ಒಗೆದು, ನೇರ ಅಡುಗೆಮನೆಗೆ ಹೋದಳು. ಕೊಡದಲ್ಲಿ ಲೋಟ ಮುಳುಗಿಸಿದ ಸದ್ದು ಕೇಳಿಸಿತು. ಕುಡಿದು ಹೊರಗೆ ಬಂದು, ಲೋಟ ಕೈಯಲ್ಲೇ ಹಿಡಿದು ನಿಂತಳು.

"ಏನ್ ಅಕ್ಕೋರ, ಈ ಕೊಡಾ ತಿಕ್ಕಿ ಎಷ್ಟು ದಿನಾ ಆತು? ನಾ ಹಿಂಗ ಇಟ್ಟಿದ್ರ ಬಿಡತಿದ್ರೇನು?"

ನನಗೆ ಈಗ ಬಗ್ಗಿ ತಿಕ್ಕಲು ಆಗುವುದಿಲ್ಲ ಎಂದೆ. ಅದನ್ನು ಮೊದಲೇ ಹೇಳಬಾರದೇ ಎಂದು ಇನ್ನೊಂದು ಮಾತು ಬೈದು, ಕೊಡ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹುಣಸೆಹಣ್ಣು ಎಲ್ಲಿದೆ ಎಂದು ಕೇಳಲಿಲ್ಲ. ನನ್ನ ಮನೆಯಲ್ಲಿ ಯಾವುದು ಎಲ್ಲಿದೆ ಎಂದು ಅವಳಿಗೆ ಗೊತ್ತು. ನಾನು ಕಾಳು ಆರಿಸುವುದನ್ನು ನಿಲ್ಲಿಸಿ, ಕೊಡ ತಿಕ್ಕುವ ಸದ್ದು ಕೇಳುತ್ತಾ, ದೇವರಿಗೆ ಸ್ತೋತ್ರ ಹೇಳಿದೆ.